ಸೊನ್ನೆಯ ಎರಡು ಬದಿ

ಜಗಳೂರು
4.7.1982

ಅಖ್ತರ್,

ಬಲಗಡೆ ಮುಗಿಯಿತು ಕಣೇ!

ಕ್ಷೇಮಸಮಾಚಾರವೆಲ್ಲ ಆಮೇಲೆ. ಮೊದಲು ನೀನು ಕೈಲಿರುವ ಸೌಟು ಕೆಳಗಿಟ್ಟು ಕೂತುಕೋ. ಹಾಸ್ಟೆಲ್ಲಿನ ರೂಮಿನಲ್ಲಿ ನಾವಿಬ್ಬರೂ ಅರ್ಧಕ್ಕೆ ಬಿಟ್ಟುಬಂದ ಆ ಲೆಕ್ಕ ನೆನಪಿದೆಯಾ? ಎಂ.ಎಸ್ಸಿ. ಮುಗಿದದ್ದೇ ತಡ, ನೀನು ಮದುವೆಯಾಗಿ ನ್ಯಾಮತಿಗೆ ಹೋದೆ, ನಾನು ಲೆಕ್ಚರರ್ ಆಗಿ ಈ ಜಗಳೂರಿಗೆ ಬಂದೆ. ಲೆಕ್ಕ ಪಾಪ ಆರು ವರ್ಷ ದಿಕ್ಕಿಲ್ಲದೆ ಬಿದ್ದಿತ್ತು.

ಅಲ್ಲಿ ನಮಗಿದ್ದದ್ದು ಒಂದೇ ಟೇಬಲ್ಲು, ಒಂದೇ ದೀಪ. ನಡುವೆ ಸೀಮೆಸುಣ್ಣದಲ್ಲಿ ಗೆರೆ ಎಳೆದು ಅದಕ್ಕೆ ಸೊನ್ನೆ ಎಂದು ಹೆಸರಿಟ್ಟವಳು ನೀನು. ಗೆರೆಯ ಬಲಕ್ಕೆ ನಾನು, ಎಡಕ್ಕೆ ನೀನು. ಯಾವ ಲೆಕ್ಕ ಕೊಟ್ಟರೂ ಧನಸಂಖ್ಯೆಗಳ ಕಡೆಯದು ನನ್ನ ಪಾಲು, ಋಣಸಂಖ್ಯೆಗಳ ಕಡೆಯದು ನಿನ್ನ ಪಾಲು. ಕೊನೆಗೆ ಎರಡನ್ನೂ ಕೂಡಿಸಿ ಒಪ್ಪಿಸಿದರೆ ಮೇಷ್ಟ್ರು ಶಭಾಷ್ ಅನ್ನುತ್ತಿದ್ದರು. ಈಗಲೂ ಅದೇ ಪದ್ಧತಿ. ಬಲಗಡೆಗೆ ವರ್ಗಮೂಲದ ತೂಕ ಸಾಕು, ಅಷ್ಟು ಮೆಲ್ಲಗೆ ಇಳಿಯುವ ತೂಕವಿಟ್ಟರೂ ಯಾವ ಕಂಟಿನ್ಯೂಯಸ್ ಫಂಕ್ಷನ್ನನ್ನಾದರೂ ನಮ್ಮ ಪಾಲಿನಾಮಿಯಲ್‌ಗಳು ಬೇಕಾದಷ್ಟು ಹತ್ತಿರದಿಂದ ಹಿಡಿಯುತ್ತವೆ. ಪ್ರಮೇಯದ ಸಾಧನೆ ಬರೆದ ಹಾಳೆಗಳು ಇದರ ಜೊತೆಗಿವೆ. ಎಡಗಡೆ ನಿನಗಾಗಿ ಕಾಯುತ್ತಾ ಕೂತಿದೆ.

ಜನವರಿಯಲ್ಲಿ ನಮ್ಮೂರು ಚನ್ನಗಿರಿಯಲ್ಲಿ ಗಣಿತ ಅಧ್ಯಾಪಕರ ಸಮಾವೇಶವಂತೆ. ಇಬ್ಬರ ಹೆಸರಿನಲ್ಲಿ ಪ್ರಬಂಧ ಓದೋಣ. ನನ್ನ ಮನೆ ಮಾಲೀಕರಾದ ಕೊಟ್ರಮ್ಮನವರು ಈ ಹಾಳೆಗಳನ್ನು ನೋಡಿ, “ಅದೇನವ್ವಾ, ಯಾರಿಗೋ ಮಾಟ ಮಾಡಿಸಾಕೆ ಕುಂತೀಯಾ?” ಎಂದು ಕೇಳಿದರು. ಹೌದೆಂದೆ.

ನಿನ್ನ
ರುದ್ರಿ


ನ್ಯಾಮತಿ
19.7.1982

ಪ್ರೀತಿಯ ರುದ್ರಾಣಿ,

ಸೌಟು ಕೆಳಗಿಟ್ಟೆ, ಸಾರು ಸೀದಿತು. ಅದರ ಪಾಪ ನಿನಗೆ.

ನಿಜ ಹೇಳಲಾ? ನಿನ್ನ ಹಾಳೆ ಬಿಡಿಸಿ ನೋಡಿದಾಗ ಮೊದಲ ಪುಟ ಅರ್ಥವಾಗಲಿಲ್ಲ. ನಾನೀಗ ಹೈಸ್ಕೂಲು ಟೀಚರು ಕಣಮ್ಮ. ಅಲ್ಲಿ ಪಾಲಿನಾಮಿಯಲ್‌ಗೆ ಬಹುಪದೋಕ್ತಿ ಎನ್ನುತ್ತೇವೆ, ಅದು ವರ್ಗಕ್ಕಿಂತ ಮೇಲೆ ಹೋದರೆ ಮಕ್ಕಳು ಕಿಟಕಿಯಿಂದಾಚೆ ನೋಡುತ್ತಾರೆ. ಎರಡನೇ ದಿನ ಒಂದು ಪುಟ ಬಗ್ಗಿತು. ವಾರ ಕಳೆಯುವುದರೊಳಗೆ ನಾನು ಹಿಟ್ಟು ನಾದುತ್ತಾ ಎಡಗಡೆ ಲೆಕ್ಕ ಮಾಡುತ್ತಿದ್ದೆ.

ಮಾವ ಲಾಲ್‌ಸಾಬ್ ನಿನಗೆ ಗೊತ್ತಲ್ಲ, ಪೇಟೆಯಲ್ಲಿ ಹಿತ್ತಾಳೆ ಪಾತ್ರೆಗೆ ಕಲಾಯಿ ಹಾಕುವವರು. ಮನೆಯಲ್ಲಿ ಉರ್ದು, ಅಂಗಡಿಯಲ್ಲಿ ಕನ್ನಡ. ನನ್ನ ಗಣಿತದ ಬಗ್ಗೆ ಕೇಳುವಾಗ ಯಾಕೋ ಅಂಗಡಿಯ ಭಾಷೆಗೇ ಬರುತ್ತಾರೆ. “ಏನ್ ಬರೀತಿದೀಯಮ್ಮಾ ಅಷ್ಟೊಂದು?” ಎಂದರು. ನಾನು ಪೆನ್ಸಿಲ್ ಎತ್ತದೆ ಹಾಳೆಯ ಮೇಲೆ ಅಂಕುಡೊಂಕಾಗಿ ಒಂದು ದಾರಿ ಬರೆದೆ.

“ಇಂಥ ದಾರಿ ಯಾವುದೇ ಇರ್ಲಿ ಮಾವ, ಅದರ ಬೆನ್ನಿಗೇ ಅಂಟಿಕೊಂಡು ಹೋಗೋ ಸೂತ್ರ ಬೇಕು. ನಮ್ಮ ಹತ್ರ ಇರೋದು ಕೂಡೋದು, ಗುಣಿಸೋದು ಅಷ್ಟೇ ಗೊತ್ತಿರೋ ಸೂತ್ರಗಳು. ಹತ್ತಿರದಾಗೆ ಹೇಳಿದಂಗೆ ಕೇಳ್ತಾವೆ. ದೂರ ಹೋದ್ರೆ ಒಂದೋ ಆಕಾಶ, ಇಲ್ಲಾ ಪಾತಾಳ.”

“ಹಂಗಾದ್ರೆ ದೂರದ್ದು ಬಿಟ್ಟಾಕು.”

“ಪೂರ್ತಿ ಬಿಡಾಕೆ ಆಗಲ್ಲ. ದೂರ ಹೋದಂಗೆಲ್ಲಾ ತಪ್ಪಿನ ಬೆಲೆ ಕಮ್ಮಿ ಮಾಡ್ತಾ ಹೋಗ್ತೀವಿ. ಅದನ್ನೇ ತೂಕ ಅನ್ನೋದು. ಎಷ್ಟರಮಟ್ಟಿಗೆ ನಿಧಾನವಾಗಿ ಕಮ್ಮಿ ಮಾಡಿದ್ರೆ ನಡೀತೈತೆ ಅನ್ನೋದೇ ನಮ್ಮ ಪ್ರಶ್ನೆ.”

ಮಾವ ಗಡ್ಡ ಕೆರೆದುಕೊಂಡರು. “ಇದರಾಗೆ ಹೊಸದೇನೈತೆ? ಪಕ್ಕದ ಮನೆಯವ್ನು ಸಲಾಂ ಹೇಳ್ದಿದ್ರೆ ಜಗಳ. ಸವಳಂಗದ ಬೀಗ್ರು ಹೇಳ್ದಿದ್ರೆ ಮುನಿಸು. ಬೊಂಬಾಯ್ನಾಗಿರೋ ದೊಡ್ಡಪ್ಪನ ಮಗ ಹೇಳ್ದಿದ್ರೆ, ಪಾಪ, ಏನು ಕೆಲಸವೋ ಅಂತೀವಿ.”

ನಗು ತಡೆಯಲಾಗಲಿಲ್ಲ. ಎಡಗಡೆ ನನ್ನದೇ. ಸ್ವಲ್ಪ ಕಾಲ ಕೊಡು.

ಅಖ್ತರ್‌ಬೀ


ನ್ಯಾಮತಿ
28.8.1982

ರುದ್ರಿ,

ಎಡಗಡೆಯೂ ಆಯಿತು. ಒಂದೊಂದು ಸಾಲನ್ನೂ ಮೂರು ಸಲ ನೋಡಿದ್ದೇನೆ. ಕೊನೆಯ ಸಾಲು ಬರೆದಾಗ ಮನೆಯಲ್ಲಿ ಎಲ್ಲರೂ ಊಟಕ್ಕೆ ಕೂತಿದ್ದರು. ಯಾರಿಗೂ ಹೇಳದೆ ಹಿತ್ತಲಿಗೆ ಹೋಗಿ ಒಬ್ಬಳೇ ನಗುತ್ತಾ ನಿಂತಿದ್ದೆ. ಅತ್ತೆ ತಾಜ್‌ಬೀ ಬಂದು ನೋಡಿ, ನನಗೆ ದೃಷ್ಟಿ ತೆಗೆದರು.

ನಿನ್ನ ಅರ್ಧಕ್ಕೆ ನನ್ನ ಅರ್ಧ ಸೇರಿಸಿ ಕಳುಹಿಸಿಬಿಡು.

ಅಖ್ತರ್


ಜಗಳೂರು
6.9.1982

ನನ್ನ ಬಂಗಾರದಂಥ ಎಡಗಡೆಯವಳೇ,

ಎಷ್ಟು ಚೊಕ್ಕಟವಾಗಿ ಬರೆದಿದ್ದೀಯೇ! ಓದಿ ಹೊಟ್ಟೆಕಿಚ್ಚಾಯಿತು. ನಿನ್ನ ಭಾಗದಲ್ಲಿ ಒಂದು ಕೊಂಕು ಹುಡುಕಲು ನಾಲ್ಕು ದಿನ ಹೆಣಗಿದೆ, ಸಿಗಲಿಲ್ಲ. ಸಂಖ್ಯಾರೇಖೆ ಈ ತುದಿಯಿಂದ ಆ ತುದಿಯವರೆಗೆ ಇನ್ನು ನಮ್ಮದೇ!

ಸಾರಾಂಶ ಬರೆದು ಇವತ್ತೇ ಚನ್ನಗಿರಿಗೆ ಅಂಚೆಗೆ ಹಾಕಿದೆ. ಅಕಾರಾದಿಯಾಗಿ ಹೆಸರು: ಅಖ್ತರ್‌ಬೀ ಮೊದಲು, ರುದ್ರಾಣಿ ಆಮೇಲೆ. ಕಾರ್ಯಕ್ರಮದ ಪುಸ್ತಿಕೆಯಲ್ಲಿ ಅಚ್ಚಾಗುತ್ತದಂತೆ. ನಿಮ್ಮ ಮಾವನಿಗೆ ಹೇಳು, ದೂರದ ಬೆಟ್ಟ ಕಣ್ಣಿಗೆ ನುಣ್ಣಗೆ ಎಂಬ ಗಾದೆಗೆ ಅವರ ಸೊಸೆ ಸಾಧನೆ ಬರೆದಿದ್ದಾಳೆ ಅಂತ.

ರುದ್ರಿ


ನ್ಯಾಮತಿ
30.9.1982

ರುದ್ರಿ,

ಅನಾಹುತವಾಗಿದೆ. ಮಾವನಿಗೆ ಹೇಳಿದೆ.

ಅವರು ಪೇಟೆಗೆಲ್ಲ ಸಾರಿಕೊಂಡು ಬಂದಿದ್ದಾರೆ: “ನಮ್ಮ ಸೊಸೆ ಕಾಯ್ದೆ ಬರ್ದಾಳೆ, ಚನ್ನಗಿರಿಯಾಗೆ ಛಾಪಿಸ್ತಾರೆ.” ಪ್ರಮೇಯ ಎಂದರೆ ಅವರ ಲೆಕ್ಕದಲ್ಲಿ ಕಾಯ್ದೆ. ನಿನ್ನೆ ಯಾರೋ ಇಬ್ಬರು ಹಿತ್ತಲಿನ ಬೇಲಿಯ ತಕರಾರು ತಂದು, ಗೆರೆಯ ವಿಷಯ ಟೀಚರಮ್ಮನಿಗೆ ಗೊತ್ತೈತೆ ಎಂದು ನನ್ನ ಮುಂದೆ ಕೂತಿದ್ದರು. ಕಾಫಿ ಕೊಟ್ಟು ಕಳಿಸಿದೆ. ಚನ್ನಗಿರಿಗೆ ನಮ್ಮ ಮನೆಯಿಂದ ಹನ್ನೊಂದು ಜನ ಬರುತ್ತಾರಂತೆ. ಅತ್ತೆ ಪೆಟ್ಟಿಗೆಯಿಂದ ನನ್ನ ಮದುವೆ ಸೀರೆ ತೆಗೆಸಿ ಬಿಸಿಲಿಗೆ ಹಾಕಿದ್ದಾರೆ.

ನಗುತ್ತಾ ಬರೆಯುತ್ತಿದ್ದೇನೆ. ಆದರೆ ಒಂದು ಮಾತು ನಗದೆ ಹೇಳುತ್ತೇನೆ. ನನ್ನ ಹೆಸರು ಕೊನೆಯದಾಗಿ ಅಚ್ಚಾದದ್ದು ಮದುವೆಯ ಕಾಗದದಲ್ಲಿ. ಇವರು ಒಳ್ಳೆಯವರು, ಮಗಳು ಮುನ್ನಿ ಒಳ್ಳೆಯವಳು, ಸ್ಕೂಲೂ ಒಳ್ಳೆಯದೇ. ಆದರೂ ಗಣಿತ ನನ್ನನ್ನು ಮರೆತಿದೆಯೋ, ನಾನೇ ಗಣಿತವನ್ನು ಮರೆತಿದ್ದೇನೋ ಎಂಬ ಹೆದರಿಕೆ ಒಳಗೆ ಇದ್ದೇ ಇತ್ತು. ಆ ಪುಸ್ತಿಕೆಯಲ್ಲಿ ಹೆಸರು ನೋಡಿದರೆ ಅದು ಹೋಗುತ್ತದೆ ರುದ್ರಿ. ನನಗೆ ಬೇಕಾದದ್ದು ಅಷ್ಟೇ.

ಅಖ್ತರ್


ಜಗಳೂರು
24.10.1982

ಅಖ್ತರ್,

ಇಲ್ಲಿ ಎರಡು ದಿನ ಮಳೆ ಬಂತು. ಪರೀಕ್ಷೆ ಕೆಲಸಕ್ಕೆಂದು ಬಿಳಿಚೋಡಿಗೆ ಹೋಗಿದ್ದೆ. ದಾರಿಯಲ್ಲಿ ಕುರಿಮಂದೆ ಅಡ್ಡ ಬಂದು ಬಸ್ಸು ಬಹಳ ಹೊತ್ತು ನಿಂತಿತ್ತು. ಕೊಟ್ರಮ್ಮನವರು ಕಡಲೆಕಾಯಿ ಕೊಟ್ಟಿದ್ದಾರೆ, ಚೆನ್ನಾಗಿವೆ.

ಚನ್ನಗಿರಿಯ ವಿಷಯ ಯೋಚಿಸುತ್ತಿದ್ದೆ. ಜನವರಿ ಎಂದರೆ ಚಳಿ. ನಿಮ್ಮತ್ತೆಗೆ ಮಂಡಿನೋವು ಬೇರೆ. ಅಷ್ಟು ಜನಕ್ಕೆ ಸುಮ್ಮನೆ ತೊಂದರೆ ಯಾಕೆ? ಬೇಕಾದರೆ ಈ ಸಲ ನಾನೊಬ್ಬಳೇ ಹೋಗಿ ಬೇರೇನಾದರೂ ಓದಿ ಬರುತ್ತೇನೆ. ನೀನು ಏನೂ ಮನಸ್ಸಿಗೆ ಹಚ್ಚಿಕೊಳ್ಳಬೇಡ. ಮುನ್ನಿಗೆ ಮುತ್ತು.

ರುದ್ರಾಣಿ


ನ್ಯಾಮತಿ
7.11.1982

ಉಪನ್ಯಾಸಕಿ ಕುಮಾರಿ ರುದ್ರಾಣಿಯವರಿಗೆ ನಮಸ್ಕಾರಗಳು.

ತಮ್ಮ ಪತ್ರ ತಲುಪಿತು. ಕಡಲೆಕಾಯಿ ಚೆನ್ನಾಗಿದೆಯೆಂದು ತಿಳಿದು ಸಂತೋಷ.

ನಮ್ಮತ್ತೆಯ ಮಂಡಿಯ ಬಗ್ಗೆ ತಾವು ಇಷ್ಟು ಕಾಳಜಿ ವಹಿಸುವ ಅಗತ್ಯವಿರಲಿಲ್ಲ. ಲೆಕ್ಚರರ ಹೆಸರಿನ ಪಕ್ಕದಲ್ಲಿ, ಅದರಲ್ಲೂ ಅದಕ್ಕಿಂತ ಮೊದಲು, ಹೈಸ್ಕೂಲು ಟೀಚರ ಹೆಸರಿದ್ದರೆ ಸಭೆಯಲ್ಲಿ ಚೆನ್ನಾಗಿ ಕಾಣುವುದಿಲ್ಲ ಎಂದು ನೇರವಾಗಿ ಬರೆದಿದ್ದರೆ ಸಾಕಿತ್ತು. ನಾವು ಹೊನ್ನಾಳಿ ಹೊಳೆಯ ಕಡೆಯವರು. ಹೊಳೆ ದಾಟಿದ ಮೇಲೆ ಅಂಬಿಗನ ಹಂಗು ಯಾರಿಗೂ ಇರುವುದಿಲ್ಲ ಎನ್ನುವುದು ನಮಗೆ ಚೆನ್ನಾಗಿ ಗೊತ್ತು.

ಹೆಸರು ತೆಗೆಯಿರಿ. ಆದರೆ ಎಡಗಡೆಯನ್ನು ಓದಬೇಡಿ. ಅದು ನನ್ನದು.

ಅಖ್ತರ್‌ಬೀ


ಜಗಳೂರು
10.12.1982

ಅಖ್ತರ್,

ಬೈದದ್ದು ತಲುಪಿತು. ‘ತಾವು’ ಅಂದೆಯಲ್ಲೇ ನನ್ನನ್ನು! ಹಾಸ್ಟೆಲ್ಲಿನಲ್ಲಿ ನಿನ್ನ ಟವೆಲ್ಲನ್ನು ನಾನು ನೆಲ ಒರೆಸಲು ಬಳಸಿದಾಗಲೂ ನೀನು ಅಷ್ಟು ಕೆಟ್ಟ ಮಾತು ಆಡಿರಲಿಲ್ಲ. ಎಷ್ಟೋ ಉತ್ತರ ಬರೆದು ಹರಿದೆ. ಈಗ ಬರೆಯುತ್ತಿರುವುದನ್ನು ಹರಿಯುವುದಿಲ್ಲ. ಮೊದಲು ಒಂದು ಲೋಟ ನೀರು ಕುಡಿ.

ನಮ್ಮ ಪ್ರಮೇಯ ಸುಳ್ಳು.

ಅಕ್ಟೋಬರಿನಲ್ಲಿ ಸಮಾವೇಶಕ್ಕೆಂದು ಚಾರ್ಟ್ ಬರೆಯಲು ಕೂತೆ. ಉದಾಹರಣೆಗೆ ಗುಡಾರದಂಥ ಫಂಕ್ಷನ್ ತೆಗೆದುಕೊಂಡೆ: ಸೊನ್ನೆಯಲ್ಲಿ ಚೂಪಾದ ತುದಿ, ಎರಡೂ ಬದಿಗೆ ಇಳಿಜಾರು, ಆಮೇಲೆ ಸಮತಟ್ಟು. ಬಲಗಡೆಗೆ ನನ್ನ ಪಾಲಿನಾಮಿಯಲ್ ಬರೆದೆ. ಎಷ್ಟು ವಿಧೇಯವಾಗಿ ಇಳಿಜಾರನ್ನು ಹಿಡಿದುಕೊಂಡು ಹೋಯಿತು ಅಂತೀಯ! ಎಡಗಡೆ ಹಾಳೆ ಖಾಲಿ ಇತ್ತಲ್ಲ, ನೋಡೋಣವೆಂದು ಅದೇ ಪಾಲಿನಾಮಿಯಲ್ಲನ್ನು ಆ ಕಡೆಗೂ ಎಳೆದೆ. ಹಾಳೆ ಬಿಟ್ಟು ಮೇಲೆ ಹೋಯಿತು. ಗೋಡೆಗೆ ಇನ್ನೊಂದು ಹಾಳೆ ಅಂಟಿಸಿದೆ, ಅದನ್ನೂ ದಾಟಿತು. ಕೊಟ್ರಮ್ಮನವರು ಬಂದು, “ಯಾಕವ್ವಾ ಗ್ವಾಡೆ ಮ್ಯಾಲೆ ಹತ್ತಿಸ್ತೀಯ ಅದನ್ನ?” ಎಂದರು.

ನನ್ನ ಪಾಲಿನಾಮಿಯಲ್ ಬಲಗಡೆಗೆ ಸಭ್ಯವಾಗಿದ್ದದ್ದು ಎಡಗಡೆಗೆ ಹುಚ್ಚು ಹಿಡಿಸಿಕೊಂಡು. ನಿನ್ನದು ಎಡಗಡೆಗೆ ಸಭ್ಯ, ಬಲಗಡೆಗೆ ಹುಚ್ಚು. ಅವು ಎರಡು ಬೇರೆ ಬೇರೆ ಪಾಲಿನಾಮಿಯಲ್‌ಗಳು ಕಣೇ. ನಮಗೆ ಬೇಕಾಗಿದ್ದದ್ದು ಎರಡೂ ಕಡೆ ಬಾಳುವ ಒಂದು.

ನಿನ್ನ ಸೆಪ್ಟೆಂಬರಿನ ಕಾಗದ ಓದಿದ ಮೇಲೆ ಇದನ್ನು ನಿನಗೆ ಹೇಗೆ ಬರೆಯಲಿ? ಸೀರೆ ಬಿಸಿಲಿಗೆ ಹಾಕಿದ್ದರು. ಅದಕ್ಕೇ ಚಳಿ, ಮಂಡಿ, ಕಡಲೆಕಾಯಿ ಅಂತೆಲ್ಲ ಬರೆದೆ. ನಿನ್ನ ಹೆಸರು ತೆಗೆಯುವ ಯೋಚನೆ ನನಗೆ ಕನಸಿನಲ್ಲೂ ಬಂದಿಲ್ಲ. ಸಭೆಯಲ್ಲಿ ಯಾರಾದರೂ ಎದ್ದು ತಪ್ಪು ಎತ್ತಿ ತೋರಿಸಿದರೆ ನಿಮ್ಮ ಮಾವನ ಮುಂದೆ ನಿನಗೆ ಹೇಗಾಗುತ್ತದೆ ಎಂದೇ ಹೆದರಿದೆ. ಬಹಳ ಬೇಜಾರಾಗಿದೆ ಅಖ್ತರ್. ಇನ್ನೂ ನಾಲ್ಕು ಬೈ, ಆದರೆ ನೀನು ಅಂತ ಬೈ.

ನಿನ್ನ ರುದ್ರಿ


ನ್ಯಾಮತಿ
10.12.1982

ರುದ್ರಿ,

ಜಗಳ ಈ ಕಾಗದ ಮುಗಿಯುವವರೆಗೆ ಪಕ್ಕಕ್ಕಿರಲಿ. ನೀನು ಮೊದಲು ಕೂತುಕೋ. ನೀರು ಹತ್ತಿರ ಇಟ್ಟುಕೋ.

ನಿನ್ನ ಮೇಲಿನ ಸಿಟ್ಟಿಗೆ ಎಡಗಡೆಯ ಹಾಳೆಗಳನ್ನು ಮತ್ತೆ ತೆಗೆದೆ. ಒಂದೊಂದು ಸಾಲೂ ಸರಿಯಾಗಿದೆ, ಲೆಕ್ಚರರಿಗೆ ತೋರಿಸುತ್ತೇನೆ ಅಂತ ಹಟ. ಎಲ್ಲ ಸಾಲೂ ಸರಿ ಇತ್ತು. ಆಮೇಲೆ ನಿನ್ನ ಭಾಗದಲ್ಲಿ ತಪ್ಪು ಹುಡುಕೋಣವೆಂದು ಅದನ್ನೂ ತೆಗೆದೆ, ಕ್ಷಮಿಸು. ಅದರಲ್ಲೂ ಎಲ್ಲ ಸಾಲೂ ಸರಿ. ಎರಡನ್ನೂ ಅಕ್ಕಪಕ್ಕ ಇಟ್ಟುಕೊಂಡಾಗ ಕಣ್ಣಿಗೆ ಬಿತ್ತು.

ನೀನು ಮಾಡಿದ್ದೂ ಸರಿ, ನಾನು ಮಾಡಿದ್ದೂ ಸರಿ. ಸೇರಿಸಿದ್ದು ತಪ್ಪು.

ಇಂಟಿಗ್ರೇಶನ್ ಲೆಕ್ಕಕ್ಕೆ ನಮ್ಮ ಸೀಮೆಸುಣ್ಣದ ಗೆರೆ ಒಪ್ಪುತ್ತಿತ್ತು. ಎಡದ್ದಷ್ಟು, ಬಲದ್ದಷ್ಟು, ಕೂಡಿಸಿದರೆ ಮೊತ್ತ. ಇಲ್ಲಿ ಕೂಡಿಸುವ ಮಾತೇ ಇಲ್ಲ. ಎರಡೂ ಕಡೆಗೆ ಅದೇ ಒಂದು ಪಾಲಿನಾಮಿಯಲ್ ಹೋಗಬೇಕು. ತವರಿನಲ್ಲಿ ಒಬ್ಬಳು, ಅತ್ತೆಮನೆಯಲ್ಲಿ ಇನ್ನೊಬ್ಬಳು ಆಗಿ ನಾನು ಇರಬಹುದು, ಅದಕ್ಕೆ ಆ ಅನುಕೂಲವಿಲ್ಲ. ಮಾವನ ಅಂಗಡಿಗೆ ಬರುವ ಕೊಡಗಳಲ್ಲಿ ಹೆಚ್ಚಿನವು ಸೋರುವುದು ನಡುವಿನ ಬೆಸುಗೆಯಲ್ಲೇ. ದಿನಾ ನೋಡುತ್ತೇನೆ, ತಲೆಗೆ ಹೊಳೆಯಲಿಲ್ಲ.

ಈಗ ನಿನ್ನ ವಿಷಯ. ಇಡೀ ಚನ್ನಗಿರಿಯ ಮುಂದೆ, ನಿಮ್ಮ ಅಪ್ಪಾಜಿಯ ಮುಂದೆ, ನೀನು ವೇದಿಕೆ ಹತ್ತಿ ಇದನ್ನು ಓದಬಾರದು. ನನ್ನ ಹೆಸರು ಇರಲಿ ಬಿಡಲಿ, ನಿನ್ನ ಹೆಸರಿಗೆ ಮಸಿ ಬೀಳುವುದನ್ನು ನಾನು ನೋಡಲಾರೆ. ಇಷ್ಟು ಹೇಳಿದೆ. ಈಗ ಜಗಳ ಮುಂದುವರಿಸಬಹುದು.

ಅಖ್ತರ್


ಜಗಳೂರು
15.12.1982

ಅಯ್ಯೋ ನನ್ನ ತಾಯೀ,

ನಿನ್ನ ಕಾಗದ ಓದಿ ಅಳುತ್ತಾ ನಗುತ್ತಾ ಮಂಚದ ಮೇಲೆ ಉರುಳಾಡಿದೆ. ಕೊಟ್ರಮ್ಮನವರು ಬೇವಿನ ಸೊಪ್ಪು ತಂದರು. ನಮ್ಮ ಎರಡೂ ಕಾಗದಗಳು ದಾವಣಗೆರೆಯಲ್ಲಿ ಎಲ್ಲೋ ಎದುರುಬದುರಾಗಿ, ನೀರು ಕುಡಿ, ನೀರು ಕುಡಿ ಎನ್ನುತ್ತಾ ದಾಟಿಹೋಗಿರಬೇಕು. ಅಂದರೆ ನಾವಿಬ್ಬರೂ ಒಂದೇ ತಪ್ಪು ಮಾಡಿ, ಒಂದೇ ತಪ್ಪು ಹಿಡಿದಿದ್ದೇವೆ.

ಸಮಾವೇಶದವರಿಗೆ ನಾಳೆ ಬರೆದು ಪ್ರಬಂಧ ವಾಪಸ್ ತೆಗೆದುಕೊಳ್ಳುತ್ತೇನೆ. ಪುಸ್ತಿಕೆ ಅಚ್ಚಾಗಿದೆಯಂತೆ, ಆಗಲಿ. ನಿಮ್ಮ ಮಾವನಿಗೆ ಏನು ಹೇಳಬೇಕೋ ಅದು ಮಾತ್ರ ನನಗೆ ತಿಳಿಯುತ್ತಿಲ್ಲ.

ರುದ್ರಿ


ನ್ಯಾಮತಿ
20.12.1982

ರುದ್ರಿ,

ಬರೆಯಬೇಡ! ಬರೆದಿದ್ದರೆ ಇನ್ನೊಂದು ಬರೆದು ಅದನ್ನು ವಾಪಸ್ ತೆಗೆದುಕೋ.

ನಿನ್ನ ಗುಡಾರದ ಹಿಂದೆ ಬಿದ್ದೆ. ನಮ್ಮ ಪಾಲಿನಾಮಿಯಲ್‌ಗಳು ಎರಡೂ ಕಡೆ ಬಾಳುವುದಿಲ್ಲ ಎಂದರೆ ಸಾಲದು, ಯಾಕೆ ಬಾಳುವುದಿಲ್ಲ ಎಂಬುದು ಬೇಕಲ್ಲ. ಸಿಕ್ಕಿತು ಎಂದು ಕಾಣುತ್ತದೆ. ಆ ಮೆಲ್ಲನೆಯ ತೂಕವನ್ನು ಎರಡೂ ಬದಿಗೆ ಹೇರಿದರೆ ಪಾಲಿನಾಮಿಯಲ್ಲಿನ ಕೈಕಾಲು ಕಟ್ಟಿದ ಹಾಗಾಗುತ್ತದೆ. ಅದರ ಡಿಗ್ರಿ ಎಷ್ಟು ದೊಡ್ಡದಾದರೂ ಸೊನ್ನೆಯ ಹತ್ತಿರ ಥಟ್ಟನೆ ತಿರುಗಲಾರದು, ಸಾವಕಾಶವಾಗಿ ಬಾಗಬೇಕು. ಗುಡಾರಕ್ಕೆ ಚೂಪು ತುದಿ ಬೇಕು. ಚೂಪನ್ನು ಅದು ಹಿಡಿಯಲಾರದು. ಬಲಗಡೆ ಒಂದನ್ನೇ ಕೇಳಿದಾಗ ತಿರುಗುತ್ತದೆ, ಯಾಕೆಂದರೆ ಎಡಗಡೆಗೆ ಬೇಕಾದಷ್ಟು ಕುಣಿಯಲು ಜಾಗವಿರುತ್ತದೆ. ಇಡೀ ರೇಖೆ ಬೇಕೆಂದರೆ ದೂರದ ತಪ್ಪನ್ನು ಇನ್ನೂ ಬೇಗ ಹೊಟ್ಟೆಗೆ ಹಾಕಿಕೊಳ್ಳಬೇಕು. ಸಾಧನೆ ಇದರ ಜೊತೆಗಿದೆ. ಈ ಸಲ ನಿನ್ನ ಅರ್ಧ ನೋಡಿ ಕಳಿಸು ಎನ್ನುವುದಿಲ್ಲ, ಪೂರ್ತಿ ನೋಡು.

ಹಾಗಾಗಿ ನಮ್ಮ ಕೈಯಲ್ಲಿ ಎರಡು ನಿಜಗಳಿವೆ. ಅರ್ಧ ರೇಖೆಗೆ ವರ್ಗಮೂಲದ ತೂಕ ಸಾಕು. ಇಡೀ ರೇಖೆಗೆ ಸಾಲದು. ಮೊದಲನೆಯದನ್ನು ನೀನು ಓದು. ಎರಡನೆಯದನ್ನು, ನಾವು ಬಿದ್ದ ಗುಂಡಿಯ ಸಮೇತ, ನಾನು ನಿಂತು ಹೇಳುತ್ತೇನೆ. ಒಂಬತ್ತನೇ ಕ್ಲಾಸಿನ ಅರವತ್ತು ಮಕ್ಕಳ ಮುಂದೆ ದಿನಾ ನಿಲ್ಲುವವಳಿಗೆ ಅಧ್ಯಾಪಕರ ಹೆದರಿಕೆಯೇ?

ಮಾವನಿಗೂ ಹೇಳಿದೆ. ಕೈಯಲ್ಲಿ ತವರದ ಕಡ್ಡಿ ಹಿಡಿದಿದ್ದರು, ಕೆಳಗಿಟ್ಟರು.

“ಮಾವ, ನಾವು ಬರೆದ ಕಾಯ್ದೆ ಅರ್ಧ ಮಾತ್ರ ನಿಜ.”

“ಇನ್ನರ್ಧ?”

“ಸುಳ್ಳು. ಆದ್ರೆ ಯಾಕೆ ಸುಳ್ಳು ಅಂತ ನಾನೇ ಕಂಡುಹಿಡಿದೆ.”

ಕಡ್ಡಿಯನ್ನು ಮತ್ತೆ ಕೈಗೆತ್ತಿಕೊಂಡರು. ಆಮೇಲೆ, “ಅರ್ಧ ನಿಜ ಆದ್ರೆ ಅರ್ಧ ಜನ ಹೋಗಾನ. ಹನ್ನೊಂದರಾಗೆ ಅರ್ಧ ಎಷ್ಟಮ್ಮಾ?” ಎಂದರು. ಐದೂವರೆ ಎಂದೆ. ಅವರು ಲೆಕ್ಕ ಹಾಕಿದರು: ತಾವು, ಅತ್ತೆ, ನಾನು, ನನ್ನ ಯಜಮಾನರು ಸುಬಾನಸಾಬ, ಸವಳಂಗದ ಬೀಗರೊಬ್ಬರು. ಐದು ಪೂರ್ತಿ ಟಿಕೆಟ್ಟು. ಮುನ್ನಿಗೆ ಅರ್ಧ ಟಿಕೆಟ್ಟು. ಸರಿಹೋಯಿತು.

ಅಖ್ತರ್


ಜಗಳೂರು
28.12.1982

ಅಖ್ತರ್,

ಪೂರ್ತಿ ನೋಡಿದೆ. ಮೂರನೇ ಪುಟದಲ್ಲಿ ಒಂದು ಕಡೆ ಕಾಲು ಜಾರಿತು. ಆಮೇಲೆ ನೋಡಿದರೆ ಜಾರಿದ್ದು ನಾನು, ಪುಟವಲ್ಲ. ಸರಿಯಾಗಿದೆ ಕಣೇ. ನನ್ನ ಭಾಗಕ್ಕಿಂತ ಗಟ್ಟಿಯಾಗಿದೆ.

ನನಗೆ ಹೆದರಿಕೆಯಾಗುತ್ತಿದೆ ಎಂದು ನಿನಗೆ ಒಬ್ಬಳಿಗೇ ಹೇಳುತ್ತೇನೆ. ತಪ್ಪನ್ನು ನಾವೇ ಸಭೆಗೆ ಹೊತ್ತುಕೊಂಡು ಹೋಗುವುದು ಯಾವ ಶಾಸ್ತ್ರವೋ! ಆದರೂ ಬರುತ್ತೇನೆ. ನಮ್ಮಮ್ಮ ಸರ್ವಮಂಗಳಮ್ಮ ನಿಮ್ಮೆಲ್ಲರಿಗೂ ಮಂಡಕ್ಕಿ, ಮೆಣಸಿನಕಾಯಿ ಬಜ್ಜಿ ಮಾಡಿಟ್ಟಿರುತ್ತಾರೆ. ಐದೂವರೆ ಜನಕ್ಕೆ ಎಂದು ಬರೆದಿದ್ದೇನೆ. ಅರ್ಧ ಜನ ಯಾರು ಎಂದು ಅವರು ಗಾಬರಿಯಾಗಿದ್ದಾರೆ.

ರುದ್ರಿ


ಜಗಳೂರು
17.1.1983

ಅಖ್ತರ್,

ಚನ್ನಗಿರಿಯಲ್ಲಿ ನಮ್ಮಿಬ್ಬರ ಮಾತೂ ಮುಗಿದದ್ದೇ ತಡ, ಕೊನೆಯ ಬಸ್ಸು ತಪ್ಪುತ್ತದೆಂದು ನೀವೆಲ್ಲ ಓಡಿದಿರಿ. ನಿಮ್ಮ ಮಾವ ಕಿಟಕಿಯಿಂದ ಪುಸ್ತಿಕೆ ಬೀಸುತ್ತಾ ಹೋದದ್ದನ್ನು ನಮ್ಮ ಬೀದಿಯವರು ಇನ್ನೂ ಆಡಿಕೊಳ್ಳುತ್ತಿದ್ದಾರೆ. ನೀನು ಹೋದ ಮೇಲೆ ಏನಾಯಿತೆಂದು ನಿನಗೆ ಗೊತ್ತಿಲ್ಲ. ಇನ್ನು ಮೇಲೆ ನಿನ್ನಿಂದ ಏನನ್ನೂ ಮುಚ್ಚಿಡುವುದಿಲ್ಲವೆಂದು ಬಜ್ಜಿ ಮುಟ್ಟಿ ಆಣೆ ಮಾಡಿದ್ದೇನೆ, ಅದಕ್ಕೆ ಸಿಹಿ ಕಹಿ ಎರಡೂ ಬರೆಯುತ್ತೇನೆ.

ಮುಂದಿನ ಸಾಲಿನಲ್ಲಿ ಕಣ್ಣು ಮುಚ್ಚಿ ಕೂತಿದ್ದರಲ್ಲ, ನಿದ್ದೆ ಹೊಡೆಯುತ್ತಿದ್ದಾರೆಂದು ನೀನು ನನ್ನನ್ನು ತಿವಿದೆಯಲ್ಲ, ಅವರು ಪ್ರೊಫೆಸರ್ ತಿಪ್ಪೇರುದ್ರಸ್ವಾಮಿ. ಇದೇ ವಿಷಯದಲ್ಲಿ ಕೂದಲು ಬೆಳ್ಳಗೆ ಮಾಡಿಕೊಂಡವರಂತೆ. ನನ್ನನ್ನು ಕರೆದರು. “ನಿಮ್ಮ ಬಲಗಡೆದು ಹಳೇದಮ್ಮ. ನೀವು ಹುಟ್ಟಾಕೆ ಮುಂಚೇನೇ ಹೊರದೇಶದವರು ಮಾಡ್ಯಾರೆ. ಇಡೀ ರೇಖೆಗೆ ಅದು ಸಾಲಲ್ಲ ಅನ್ನೋದೂ ಗೊತ್ತಿರೋದೇ,” ಎಂದರು. ಇಷ್ಟು ದಿನ ಬೆಟ್ಟ ಅಗೆದು ನಾವು ಹಿಡಿದದ್ದು ಯಾರೋ ಆಗಲೇ ಹಿಡಿದು ಬಿಟ್ಟ ಇಲಿ! ನಮ್ಮೂರಲ್ಲಿ ಅಂಥ ಪುಸ್ತಕಗಳಿಲ್ಲ ಸಾರ್, ಗೊತ್ತಿರಲಿಲ್ಲ ಎಂದೆ.

“ಅದಕ್ಕೇ ಹೇಳಾಕೆ ಕರೆದೆ,” ಎಂದರು. “ಆ ಗುಡಾರದ ಟೀಚರು ತೋರಿಸಿದ ದಾರಿ ಐತಲ್ಲ, ಸಾಲದು ಅನ್ನೋದನ್ನ ಹಿಂಗೆ ಸಲೀಸಾಗಿ ತೋರಿಸಿದ್ದು ನಾನು ಎಲ್ಲೂ ಓದಿಲ್ಲ. ದೊಡ್ಡ ದೊಡ್ಡ ಸಾಮಾನು ಇಟ್ಟುಕೊಂಡು ಮಾಡೋ ಕೆಲಸಾನ ಅವರು ಪೆನ್ಸಿಲ್ಲಾಗೆ ಮಾಡ್ಯಾರೆ. ಬರೆದು ಕಳಿಸಾಕೆ ಹೇಳ್ರಿ. ಅಚ್ಚು ಹಾಕಿಸೋ ಜವಾಬ್ದಾರಿ ನಂದು. ಅವರ ಹೆಸರೇನಂದ್ರಿ?”

ನಾನು ಹೇಳಿದೆ. ಅವರು ಪುಸ್ತಿಕೆ ತೆಗೆದು ನಿನ್ನ ಹೆಸರಿನ ಕೆಳಗೆ ಗೆರೆ ಹಾಕಿಕೊಂಡರು. ನಿನ್ನೊಬ್ಬಳದ್ದೇ, ಅಖ್ತರ್. ನನಗೆ ಒಂದು ಗಳಿಗೆ ಚುಳ್ ಎಂದಿತು, ಅದನ್ನೂ ಬರೆದುಬಿಡುತ್ತೇನೆ. ಮರುಗಳಿಗೆ ಎಷ್ಟು ಖುಷಿಯಾಯಿತೆಂದರೆ, ಆ ದೊಡ್ಡ ಮನುಷ್ಯರ ಕೈ ಹಿಡಿದು ಎಳೆದುಕೊಂಡು ಹೋಗಿ ಮಂಡಕ್ಕಿ ತಿನ್ನಿಸಿದೆ.

ಗಣಿತ ನಿನ್ನನ್ನು ಮರೆತಿಲ್ಲ ಕಣೇ. ಬರೆ. ನಿನ್ನೊಬ್ಬಳ ಹೆಸರಿನಲ್ಲಿ ಬರೆ. ಅದು ನಿನ್ನದು.

ರುದ್ರಿ


ನ್ಯಾಮತಿ
20.3.1983

ರುದ್ರಿ,

ಎರಡು ತಿಂಗಳು ಕಾಗದ ಬರೆಯಲಿಲ್ಲವೆಂದು ಮುನಿಸಿಕೊಂಡಿರುತ್ತೀಯ. ಜಗಳೂರು ದೂರ, ಅಷ್ಟು ತಪ್ಪು ಲೆಕ್ಕಕ್ಕಿಲ್ಲ ಎಂದುಕೊಂಡು ಸುಮ್ಮನೆ ಬರೆಯುತ್ತಾ ಕೂತಿದ್ದೆ.

ನಿನ್ನ ಜನವರಿಯ ಕಾಗದವನ್ನು ಹಿತ್ತಲಿನಲ್ಲಿ ನಿಂತು ಓದಿದೆ. ಈ ಸಲ ನಗಲಿಲ್ಲ, ಅತ್ತುಬಿಟ್ಟೆ. ಅತ್ತೆ ಮತ್ತೆ ದೃಷ್ಟಿ ತೆಗೆದರು. ಅವರ ಹತ್ತಿರ ಎಲ್ಲದಕ್ಕೂ ಅದೊಂದೇ ಮದ್ದು.

ಬರಹ ಮುಗಿದಿದೆ, ಒಂದು ಜಾಗ ಬಿಟ್ಟು. ಸೊನ್ನೆಯ ಹತ್ತಿರ ಎಷ್ಟು ಸಾವಕಾಶವಾಗಿ ಬಾಗಬೇಕು ಎಂಬ ಅಳತೆ ನನ್ನ ಕೈಗೆ ಬಿಗಿಯಾಗಿ ಸಿಗುತ್ತಿಲ್ಲ. ಅದಕ್ಕೆ ನಿನ್ನ ಕೈ ಬೇಕು. ಪ್ರೊಫೆಸರಿಗೆ ಬರೆದು ಕೇಳಿದೆ, ಜೂನ್‌ವರೆಗೆ ಕಾಯುತ್ತೇನೆ ಎಂದಿದ್ದಾರೆ. ಹೆಸರಿನ ಜಾಗ ಖಾಲಿ ಬಿಟ್ಟಿದ್ದೇನೆ. ನನ್ನೊಬ್ಬಳ ಹೆಸರು ನೋಡುವ ಆಸೆ ಇಲ್ಲವೆಂದಲ್ಲ, ಇದೆ. ಅದು ಮುಂದಿನ ಪ್ರಬಂಧಕ್ಕಿರಲಿ. ಮುಂದಿನದು ಇದೆ ಎಂದು ಈಗ ನನಗೆ ಗೊತ್ತು.

ಏಪ್ರಿಲ್ ರಜೆಗೆ ಬಂದುಬಿಡು. ಹೊನ್ನಾಳಿಗೆ ಬಂದರೆ ಇವರು ಸೈಕಲ್ಲಿನಲ್ಲಿ ಸೇತುವೆಯ ಹತ್ತಿರ ಕಾಯುತ್ತಾರೆ, ನಿನ್ನ ಟ್ರಂಕು ಸೈಕಲ್ಲಿನ ಮೇಲೆ ಬರಲಿ, ನೀನು ಅಲ್ಲಿಂದ ನ್ಯಾಮತಿ ಬಸ್ಸು ಹತ್ತು. ಮಾವ ಬಡಗಿಗೆ ಹೇಳಿ ಅಗಲವಾದ ಟೇಬಲ್ಲು ಮಾಡಿಸಿದ್ದಾರೆ, ನಮ್ಮ ಹಾಸ್ಟೆಲ್ಲಿನದಕ್ಕಿಂತ ದೊಡ್ಡದು. ನಿನ್ನೆ ಮುನ್ನಿ ಸೀಮೆಸುಣ್ಣ ಹಿಡಿದು ಅದರ ನಡುವೆ ಗೆರೆ ಎಳೆಯಲು ಹೊರಟಿದ್ದಳು. ಕೈಯಿಂದ ಕಿತ್ತುಕೊಂಡೆ.

ಎರಡೂ ಕುರ್ಚಿಗಳನ್ನು ಒಂದೇ ಬದಿಗೆ ಹಾಕಿದ್ದೇನೆ.

ಅಖ್ತರ್